ಪ್ರಿಂಟರ್ ಕೊಳ್ಳುವ ಮುಂಚೆ ಪುಟದ ಖರ್ಚು ನೋಡಿ
ಹೊಸದಾಗಿ ಜೆರಾಕ್ಸ್ ಅಂಗಡಿ ಹಾಕುವವರು ಮೊದಲು ಕೇಳುವುದೇ ಮಷಿನ್ ರೇಟು. ಅದಕ್ಕಿಂತ ಒಂದು ಪುಟಕ್ಕೆ ಎಷ್ಟು ಬೀಳುತ್ತೆ ಅಂತ ಕೇಳಿ. ಲೇಸರ್ ಮಷಿನ್‌ಗೆ ಹಾಕುವ ಟೋನರ್ (ಪುಡಿ ಇಂಕ್) ಡಬ್ಬಿ ಮೇಲೆ 2,000 ಪುಟ ಅಂತ ಬರೆದಿರುತ್ತೆ, ಅಲ್ವಾ? ಅದು ಪುಟದ ಸುಮಾರು 5% ಜಾಗ ಮಾತ್ರ ಕಪ್ಪಾದರೆ ಸಿಗುವ ಲೆಕ್ಕ. ಫೋಟೊ ಇರುವ ಆಧಾರ್, ಗೆರೆ ತುಂಬಿದ ಪಹಣಿ ಹೊಡೆದರೆ ಅರ್ಧಕ್ಕೇ ಖಾಲಿಯಾಗಬಹುದು. 1,200 ರೂಪಾಯಿ ಟೋನರ್‌ನಲ್ಲಿ 1,000 ಪುಟ ಬಂದರೆ ಪುಟಕ್ಕೆ 1 ರೂಪಾಯಿ 20 ಪೈಸೆ ಆಯ್ತು. ಕಾಗದ, ಕರೆಂಟು, ಡ್ರಮ್ (ಟೋನರ್ ಅನ್ನು ಕಾಗದಕ್ಕೆ ದಾಟಿಸುವ ಉರುಳೆ) ಖರ್ಚು ಬೇರೆ.

ಕಲರ್‌ಗೆ ಇಂಕ್ ಟ್ಯಾಂಕ್ (ಬಾಟಲಿಯಿಂದ ಇಂಕ್ ತುಂಬಿಸುವ ಪ್ರಿಂಟರ್) ಅಗ್ಗ. ಆದರೆ ಅದರಲ್ಲಿ ಸಾಮಾನ್ಯವಾಗಿ ಬಳಸುವ ಡೈ ಇಂಕ್ (ನೀರಿನಲ್ಲಿ ಕರಗುವ ಬಣ್ಣ) ನೀರು ತಾಗಿದರೆ ಹರಡುತ್ತೆ. ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜ ಒದ್ದೆಯಾದ ಅರ್ಜಿ ಹಿಡಿದು ನನ್ನ ಅಂಗಡಿಗೆ ವಾಪಸ್ ಬಂದರು. ಅವರ ಹೆಸರೇ ಅಳಿಸಿಹೋಗಿತ್ತು. ತುಂಬಾ ಬೇಜಾರಾಯ್ತು, ದುಡ್ಡು ತಗೊಳ್ಳದೆ ಲೇಸರ್‌ನಲ್ಲಿ ಹೊಡೆದುಕೊಟ್ಟೆ. ಅವತ್ತಿನಿಂದ ದಾಖಲೆಗಳಿಗೆ ಲೇಸರ್ ಮಾತ್ರ. ಇಂಕ್ ಟ್ಯಾಂಕ್ ಇಟ್ಟುಕೊಂಡವರು ಎರಡು ದಿನಕ್ಕೊಮ್ಮೆಯಾದರೂ ಒಂದು ಕಲರ್ ಪುಟ ಹೊಡೆಯಿರಿ, ಇಲ್ಲಾಂದ್ರೆ ಇಂಕ್ ಚಿಮ್ಮುವ ಹೆಡ್ ಒಣಗಬಹುದು.

ಸೆಕೆಂಡ್ ಹ್ಯಾಂಡ್ ದೊಡ್ಡ ಮಷಿನ್ ತಗೊಳ್ಳುವುದಾದರೆ ಮೀಟರ್ ರೀಡಿಂಗ್ (ಇಲ್ಲಿವರೆಗೆ ಎಷ್ಟು ಪುಟ ಹೊಡೆದಿದೆ ಅನ್ನೋ ಲೆಕ್ಕ) ನೋಡಿ. ನಿಮ್ಮೂರಿಗೆ ಬಂದು ರಿಪೇರಿ ಮಾಡುವವರು ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.