ಎರ್ನಾಕುಳಂ ಪೇಟೆಯಲ್ಲಿ ಒಂದು ರಾತ್ರಿ ಉಳಿಯೋದು ಹೇಗೆ? ಬಾಡಿಗೆ ಆಮೇಲೆ, ಮೊದ್ಲು ಟೈಮು ನೋಡಿ

ನಾವು ಕಾಸರಗೋಡಿನವ್ರು ಮಂಗಳೂರಿಗೆ ಹೋದ್ರೆ ರೂಮು ಬೇಡ, ಸಂಜೆ ಬಸ್ಸಿಗೆ ಮನೆ ಮುಟ್ತೇವೆ. ಬೆಂಗಳೂರಿಗೆ ಹೋದ್ರೆ ಮಗನೋ ತಂಗಿಯೋ ಚಿಕ್ಕಪ್ಪನ ಮಗಳೋ ಯಾರಾದ್ರೂ ಒಬ್ರು ಇದ್ದೇ ಇರ್ತಾರೆ. ತಲೆಬಿಸಿ ಶುರುವಾಗೋದು ಎರ್ನಾಕುಳಂಗೆ ಹೋಗ್ಲಿಕ್ಕೆ ಬಂದಾಗ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದು, ಕೇರಳ ಹೈಕೋರ್ಟು ಶುರುವಾದದ್ದೂ ಅದೇ ದಿನ, ಅದು ಇರೋದು ಕೊಚ್ಚಿಯ ಈ ಎರ್ನಾಕುಳಂ ಪೇಟೆಯಲ್ಲಿ, ಹಾಗಾಗಿ ಬದಿಯಡ್ಕದ ತೋಟದ ಗಡಿ ತಕರಾರಾಗ್ಲಿ ಮಾಸ್ತರರ ನೇಮಕಾತಿ ಕೇಸಾಗ್ಲಿ ಮೇಲೆ ಹೋಯ್ತು ಅಂದ್ರೆ ಎರ್ನಾಕುಳಂಗೇ ಹೋಗ್ಬೇಕು, ಮತ್ತೆ ಅಲ್ಲಿ ನಮ್ಗೆ ನೆಂಟರು ಅಂತ ಯಾರೂ ಇಲ್ಲ. ಹೋಟ್ಲೇ ಗತಿ.

ಹೋಟ್ಲು ಅಂದ ಕೂಡ್ಲೆ ಒಂದು ಮಾತು. ನಮ್ಮಲ್ಲಿ ಹೋಟ್ಲು ಅಂದ್ರೆ ಚಾ ಮತ್ತೆ ಗೋಳಿಬಜೆ, ಮಲಯಾಳದಲ್ಲೂ ಹೋಟ್ಲು ಅಂದ್ರೆ ಊಟದ್ದೇ. ಹಾಗಾಗಿ ಆಟೋದವನತ್ರ ಬರೀ "ಒಳ್ಳೆ ಹೋಟ್ಲಿಗೆ ಬಿಡಿ" ಅಂದ್ರೆ ಅವ ಬಿರಿಯಾಣಿ ಅಂಗಡಿ ಮುಂದೆ ನಿಲ್ಲಿಸಿದ್ರೆ ಅವನ ತಪ್ಪಲ್ಲ. ರೂಮು, ಲಾಡ್ಜು ಅಂತ ಹೇಳಿ, ಇಲ್ಲಾ ಹೋಟ್ಲಿನ ಹೆಸರೇ ಹೇಳಿ.

ನಾನಿಲ್ಲಿ ಹೇಳೋದು ತೀರಾ ಚೀಪ್ ಲಾಡ್ಜಿನ ವಿಷಯ ಅಲ್ಲ, ಫೈವ್ ಸ್ಟಾರಿಂದೂ ಅಲ್ಲ. ಪೇಟೆ ನಡುವಲ್ಲಿ ಒಂದೂವರೆ ಸಾವಿರದಿಂದ ಮೂರು ಸಾವಿರದ ಒಳಗೆ, ಲಿಫ್ಟು, ಬಿಸಿನೀರು, ಎಸಿ ಇರುವಂಥದ್ದು.

ಮೊದ್ಲು ರೈಲು, ಆಮೇಲೆ ರೂಮು

ಎಲ್ರೂ ಮೊದ್ಲು ಮೊಬೈಲಲ್ಲಿ ಬಾಡಿಗೆ ನೋಡ್ತಾರೆ. ನಮ್ಮ ಕಡೆಯವ್ರು ಮೊದ್ಲು ನೋಡ್ಬೇಕಾದ್ದು ರೈಲು ಎಷ್ಟು ಗಂಟೆಗೆ ಮುಟ್ತದೆ ಅಂತ. ಸಂಜೆ ಕಾಸರಗೋಡಲ್ಲಿ ಮಾವೇಲಿಯೋ ಮಲಬಾರೋ ಹತ್ತಿದ್ರೆ ಎರ್ನಾಕುಳಂ ಬರೋದು ನಡುರಾತ್ರಿ ಕಳೆದು ಬೆಳಗಾಗೋ ಮೊದ್ಲು, ಅಂದ್ರೆ ಅತ್ತ ನಿದ್ದೆಯೂ ಇಲ್ಲ ಇತ್ತ ಬೆಳಗೂ ಇಲ್ಲ ಅನ್ನುವ ಹೊತ್ತಿಗೆ.

ಹೋದ ಮಳೆಗಾಲದಲ್ಲಿ ನಾನು ಮತ್ತೆ ಭಾವ ಹೋದದ್ದು ಹೀಗೇ. ಕೇಸು ಗುರುವಾರ, ಅದಕ್ಕೆ ನಾನು ಆ್ಯಪಲ್ಲಿ ಗುರುವಾರಕ್ಕೆ ರೂಮು ಬುಕ್ ಮಾಡಿ ದೊಡ್ಡ ಕೆಲ್ಸ ಮಾಡಿದವನ ಹಾಗೆ ಇದ್ದೆ. ಗುರುವಾರ ಬೆಳಗ್ಗಿನ ಜಾವ ಮೂರೂವರೆಗೆ ಒದ್ದೆ ಚೀಲ ಹಿಡ್ಕೊಂಡು ಹೋಟ್ಲಿನ ಗಾಜಿನ ಬಾಗಿಲು ಬಡಿದ್ರೆ, ಸೋಫಾದಲ್ಲಿ ಮಲಗಿದ್ದ ಹುಡುಗ ಎದ್ದು ಕಂಪ್ಯೂಟರ್ ನೋಡಿ "ಇದ್ ಇನ್ನತ್ತೆ ಬುಕ್ಕಿಂಗಲ್ಲೇ ಚೇಟ್ಟಾ, ಚೆಕ್ ಇನ್ ಪಂತ್ರಂಡ್ ಮಣಿಕ್ಕಾ" ಅಂದ. ಇವತ್ತಿನ ಬುಕ್ಕಿಂಗು, ಮಧ್ಯಾಹ್ನ ಹನ್ನೆರಡಕ್ಕೆ ಬನ್ನಿ ಅಂತ. ಈಗ್ಲೇ ಬೇಕಾದ್ರೆ ಇನ್ನೊಂದು ದಿನದ ಬಾಡಿಗೆ ಕೊಡ್ಬೇಕು. ಭಾವ ನನ್ನ ಮುಖ ನೋಡಿದ್ರು, ಎಂತದೂ ಹೇಳ್ಲಿಲ್ಲ, ಹೇಳಿದ್ರೇ ಒಳ್ಳೇದಿತ್ತು. ಕಡೆಗೆ ಲಾಬಿಯಲ್ಲೇ ಕೂತು ತೂಕಡಿಸಿ, ಕೆಳಗಿನ ಟಾಯ್ಲೆಟ್ಟಲ್ಲಿ ಮುಖ ತೊಳೆದು, ಅಲ್ಲೇ ಒಂದು ಕಾಲಲ್ಲಿ ನಿಂತು ಬಿಳಿ ಪಂಚೆ ಉಟ್ಕೊಂಡು ಭಾವ ಕೋರ್ಟಿಗೆ ಹೊರಟದ್ದು.

ತಪ್ಪು ನಂದೇ. ಹೋಟ್ಲಿನವರ ದಿನ ಹನ್ನೆರಡು ಗಂಟೆ ರಾತ್ರಿಗೆ ಬದಲಾಗೋದಲ್ಲ, ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ. ಗುರುವಾರ ಬೆಳಗ್ಗಿನ ಜಾವ ಅನ್ನೋದು ಅವರ ಲೆಕ್ಕದಲ್ಲಿ ಬುಧವಾರದ ರಾತ್ರಿ. ಆದ್ರಿಂದ ಬುಧವಾರದಿಂದ ಗುರುವಾರಕ್ಕೆ ಬುಕ್ ಮಾಡ್ಬೇಕು, ಗುರುವಾರ ರಾತ್ರಿಯೂ ಉಳಿಯೋದಿದ್ರೆ ಎರಡು ರಾತ್ರಿ ಹಾಕ್ಬೇಕು, ಮತ್ತೆ ಬುಧವಾರ ಸಂಜೆಯೊಳಗೆ ಒಂದು ಫೋನು ಮಾಡಿ "ನಾವು ರಾತ್ರಿ ಮೂರೂವರೆಗೆ ಬರೋದು, ರೂಮು ಬಿಡ್ಬೇಡಿ" ಅಂತ ಹೇಳಿ ಇಡ್ಬೇಕು. ಇಲ್ಲದಿದ್ರೆ ಹತ್ತು ಗಂಟೆ ತನಕ ಕಾದು ಇವ್ರು ಬರ್ಲಿಲ್ಲ ಅಂತ ಬೇರೆಯವರಿಗೆ ಕೊಟ್ಟುಬಿಡೋದೂ ಉಂಟು.

ಕೆಲವು ಕಡೆ 24 ಗಂಟೆ ಚೆಕ್ ಔಟ್ ಅಂತ ಇರ್ತದೆ, ರೈಲ್ವೆ ಸ್ಟೇಷನ್ ಹತ್ರದ ಲಾಡ್ಜುಗಳಲ್ಲಿ ಜಾಸ್ತಿ. ನೀವು ಒಳಗೆ ಹೋದ ಗಂಟೆಯಿಂದ ಲೆಕ್ಕ, ಮೂರೂವರೆಗೆ ಹೋದ್ರೆ ಮರುದಿನ ಮೂರೂವರೆ ತನಕ ನಿಮ್ದು. ನಮ್ಮ ರೈಲಿಗೆ ಹೇಳಿ ಮಾಡಿಸಿದ ಹಾಗೆ. ಮುನ್ನೂರು ರೂಪಾಯಿ ಜಾಸ್ತಿಯಾದ್ರೂ ನಾನಾದ್ರೆ ಇದನ್ನೇ ತಗೊಳ್ಳೋದು.

ಇನ್ನೊಂದು ದಾರಿ ಅಂದ್ರೆ ಹಗಲು ಹೋಗೋದು. ಬೆಳಗ್ಗೆ ಏಳರ ಹೊತ್ತಿಗೆ ಕಾಸರಗೋಡಲ್ಲಿ ವಂದೇ ಭಾರತ್ ಹತ್ತಿದ್ರೆ ಮಧ್ಯಾಹ್ನದ ಹೊತ್ತಿಗೆ ಎರ್ನಾಕುಳಂ ಸೌತ್, ಸರಿಯಾಗಿ ಚೆಕ್ ಇನ್ ಟೈಮಿಗೆ. ಟಿಕೆಟ್ಟು ತುಟ್ಟಿ, ವಾರಕ್ಕೆ ಒಂದು ದಿನ ಓಡುವುದಿಲ್ಲ, ಅದನ್ನು ನೋಡ್ಕೊಳ್ಳಿ. ಆದ್ರೆ ಎಪ್ಪತ್ತು ದಾಟಿದ ಅಪ್ಪಯ್ಯನನ್ನೋ ಅಮ್ಮನನ್ನೋ ಕರ್ಕೊಂಡು ಆಸ್ಪತ್ರೆಗೆ ಹೋಗೋದಾದ್ರೆ ಹೀಗೆ ಹೋಗಿ ರಾತ್ರಿ ಮಲಗಿ ಮರುದಿನ ತೋರಿಸೋದೇ ಒಳ್ಳೇದು.

ಎಲ್ಲಿ ಉಳಿಯೋದು

ಎರ್ನಾಕುಳಂ ಜಂಕ್ಷನ್ ಅಂದ್ರೆ ಸೌತ್, ಟೌನ್ ಅಂದ್ರೆ ನಾರ್ತ್. ಊರಿನವ್ರು ಹೇಳೋದು ಸೌತ್, ನಾರ್ತ್ ಅಂತ್ಲೇ. ಮಾವೇಲಿ ಸೌತಿಗೆ, ಮಲಬಾರ್ ನಾರ್ತಿಗೆ, ಹಾಗಾಗಿ ರೂಮು ಹುಡುಕುವಾಗ ಟಿಕೆಟ್ಟಲ್ಲಿ ಯಾವುದು ಬರೆದದೆ ಅಂತ ನೋಡಿ. ಎಂಜಿ ರೋಡು, ಚಿತ್ತೂರು ರೋಡು, ಬ್ಯಾನರ್ಜಿ ರೋಡು, ಈ ಮೂರರ ಅಕ್ಕಪಕ್ಕದಲ್ಲಿ ಇದ್ರೆ ಎಲ್ಲಿಗೂ ದೂರ ಆಗುವುದಿಲ್ಲ. 2017ರಲ್ಲಿ ಬಂದ ಮೆಟ್ರೋ ಎಂಜಿ ರೋಡಲ್ಲೇ ಹೋಗ್ತದೆ, ಟೌನ್ ಹಾಲ್ ಸ್ಟೇಷನ್ ಇಳಿದ್ರೆ ನಾರ್ತ್ ಹತ್ರ. ಕೆಲ್ಸ ಬೇಗ ಮುಗಿದ್ರೆ ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋದಲ್ಲಿ ಫೋರ್ಟ್ ಕೊಚ್ಚಿಗೆ ಹೋಗಿ ಬನ್ನಿ, ನಮ್ಮ ಭಾವ ಕೇಸು ಮುಂದೆ ಹೋದ ಬೇಜಾರನ್ನೆಲ್ಲ ಆ ಬೋಟಲ್ಲೇ ಮರ್ತದ್ದು.

ಜೂನ್ ಜುಲೈಯಲ್ಲಿ ಹೋಗೋದಾದ್ರೆ ಸಣ್ಣ ಓಣಿಯೊಳಗಿನ ಹೋಟ್ಲು ಬೇಡ, ಒಂದು ಗಂಟೆ ಜೋರು ಮಳೆ ಬಂದ್ರೆ ಪೇಟೆಯಲ್ಲಿ ಮೊಣಕಾಲು ತನಕ ನೀರು ನಿಲ್ತದೆ.

ಮತ್ತೆ ಬಾರಿನ ವಿಷಯ. 2014ರಲ್ಲಿ ಕೇರಳದಲ್ಲಿ ಫೈವ್ ಸ್ಟಾರ್ ಬಿಟ್ಟು ಉಳಿದ ಹೋಟ್ಲುಗಳ ಬಾರ್ ಮುಚ್ಚಿಸಿದ್ರು, 2017ರ ನೀತಿಯಲ್ಲಿ ತ್ರೀ ಸ್ಟಾರ್ ಮತ್ತೆ ಅದಕ್ಕಿಂತ ಮೇಲಿನವಕ್ಕೆ ವಾಪಸ್ ಕೊಟ್ರು. ಹಾಗಾಗಿ ನಾವು ಹುಡುಕುವ ರೇಟಿನ ತ್ರೀ ಸ್ಟಾರ್ ಹೋಟ್ಲಲ್ಲಿ ಕೆಳಗೆ ಬಾರ್ ಇರೋದು ಮಾಮೂಲು. ಫೋಟೋದಲ್ಲಿ ಹೂದಾನಿ, ಝೂಮರು ಎಲ್ಲ ಚಂದ ಕಾಣ್ತದೆ, ರಾತ್ರಿ ಹನ್ನೊಂದರ ತನಕ ಕೆಳಗಿನ ಗಲಾಟೆ ಫೋಟೋದಲ್ಲಿ ಕೇಳುವುದಿಲ್ಲ. ಹೆಂಗಸರು ಮಕ್ಕಳು ಇದ್ರೆ ಮೊದ್ಲೇ ಕೇಳಿ, ಬಾರ್ ಇದ್ರೆ ಮೇಲಿನ ಮಹಡಿ ಹಿಂಬದಿ ರೂಮು ಬೇಕು ಅಂತ ಹೇಳಿ. ನಮ್ಮ ವಕೀಲರು ಹೇಳೋದು ಬಾರ್ ಇರುವ ಹೋಟ್ಲಲ್ಲೇ ಅಡುಗೆ ರುಚಿ ಅಂತ, ಅದು ಅವರವರ ಇಷ್ಟ.

ಒಂದು ಫೋನು ಮಾಡಿ

ಆ್ಯಪಲ್ಲಿ ನೋಡಿ, ಬೇಡ ಅಂತಲ್ಲ, ಆದ್ರೆ ದುಡ್ಡು ಕಟ್ಟುವ ಮೊದ್ಲು ಹೋಟ್ಲಿಗೇ ನೇರ ಫೋನು ಮಾಡಿ. ಬೆಳಗ್ಗೆ ಹತ್ತು ಹನ್ನೊಂದಕ್ಕೆ ಮಾಡ್ಬೇಡಿ, ಆಗ ಎಲ್ರೂ ಖಾಲಿ ಮಾಡುವ ಹೊತ್ತು, ಯಾರೂ ಸರಿಯಾಗಿ ಮಾತಾಡುವುದಿಲ್ಲ. ಮೂರು ನಾಲ್ಕು ಗಂಟೆಗೆ ಮಾಡಿದ್ರೆ ಸಮಾಧಾನದಲ್ಲಿ ಹೇಳ್ತಾರೆ. ನಮ್ಮ ಮಲಯಾಳ ಕೇಳಿ "ಕಾಸರಗೋಡಾ?" ಅಂತ ಕಂಡುಹಿಡೀತಾರೆ, ನಾಚಿಕೆ ಎಂತಕ್ಕೆ, ಅಷ್ಟು ದೂರದಿಂದ ಬರೋದಾ ಅಂತ ಸ್ವಲ್ಪ ಕರುಣೆಯೂ ಸಿಗ್ತದೆ. ಕೇಳ್ಬೇಕಾದ್ದು ಇಷ್ಟೇ: 24 ಗಂಟೆಯೋ ಹನ್ನೆರಡರ ಲೆಕ್ಕವೋ, ಹೇಳಿದ ಬಾಡಿಗೆ ಟ್ಯಾಕ್ಸ್ ಸೇರಿಯೋ, ಮೂರನೇ ಜನಕ್ಕೆ ಬೆಡ್ಡಿಗೆ ಎಷ್ಟು, ಬೆಳಗ್ಗಿನ ತಿಂಡಿ ಅದರಲ್ಲೇ ಬರ್ತದೋ, ಕ್ಯಾನ್ಸಲ್ ಮಾಡಿದ್ರೆ ಎಷ್ಟು ಹಿಡೀತಾರೆ.

ಕಡೇದ್ದನ್ನು ಮರೀಬೇಡಿ. ಕೋರ್ಟ್ ಕೆಲ್ಸಕ್ಕೆ ಹೋಗುವವ್ರು ಇನ್ನೂರು ರೂಪಾಯಿ ಕಮ್ಮಿ ಅಂತ ವಾಪಸ್ ಸಿಗದ ರೇಟಿಗೆ ಬುಕ್ ಮಾಡ್ಲೇಬಾರ್ದು. ಹಿಂದಿನ ದಿನ ಸಂಜೆ ಆರಕ್ಕೆ ವಕೀಲರ ಗುಮಾಸ್ತ ಫೋನು ಮಾಡಿ "ನಾಳೆ ಬರೋದು ಬೇಡ, ವಾಯಿದೆ ಮುಂದೆ ಹೋಯ್ತು" ಅಂತ ಹೇಳಿದ್ರೆ ಇನ್ನೂರು ಉಳಿಸ್ಲಿಕ್ಕೆ ಹೋಗಿ ಎರಡು ಸಾವಿರ ಹೋಗ್ತದೆ.

ಟ್ಯಾಕ್ಸು ಸ್ವಲ್ಪ ಹಗುರ ಆಗಿದೆ. ದಿನಕ್ಕೆ 7,500 ರೂಪಾಯಿ ತನಕದ ರೂಮಿಗೆ ಮೊದ್ಲು ನೂರಕ್ಕೆ 12 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು 5. ಎರಡು ಸಾವಿರದ ರೂಮಿಗೆ ಮೊದ್ಲು 240, ಈಗ 100. ಬಿಲ್ಲಲ್ಲಿ ಹಳೇ ಲೆಕ್ಕವೇ ಹಾಕಿದ್ರೆ ಕೇಳಿ.

ಕೌಂಟರಲ್ಲಿ

ಗುರುತಿನ ಚೀಟಿ ಒಬ್ರದ್ದು ಸಾಲದು, ರೂಮಲ್ಲಿ ಮಲಗುವ ದೊಡ್ಡವ್ರದ್ದು ಎಲ್ರದ್ದೂ ಕೇಳ್ತಾರೆ. ಪಾನ್ ಕಾರ್ಡ್ ಹೆಚ್ಚಿನ ಕಡೆ ನಡೆಯುವುದಿಲ್ಲ, ಅದರಲ್ಲಿ ವಿಳಾಸ ಇಲ್ಲ. ಆಧಾರದ ಜೆರಾಕ್ಸ್ ಕೊಡುವುದಕ್ಕಿಂತ ಯುಐಡಿಎಐ ಸೈಟಿಂದ ಮಾಸ್ಕ್ ಮಾಡಿದ್ದನ್ನು ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ, ಅದರಲ್ಲಿ ಕಡೇ ನಾಲ್ಕು ಅಂಕಿ ಮಾತ್ರ ಕಾಣ್ತದೆ. ಡ್ರೈವಿಂಗ್ ಲೈಸೆನ್ಸ್ ಇದ್ರೆ ಅದೂ ಸಾಕು. ಅಡ್ವಾನ್ಸ್ ಕೊಟ್ರೆ ರಸೀದಿ ತಗೊಳ್ಳಿ, ಗೂಗಲ್ ಪೇ ಮಾಡಿದ್ರೂ.

ದುಡ್ಡು ಪೂರ್ತಿ ಕೊಡುವ ಮೊದ್ಲು ರೂಮು ತೋರ್ಸಿ ಅಂತ ಕೇಳೋದಕ್ಕೆ ಸಂಕೋಚ ಬೇಡ. ನಾನು ನೋಡುವ ಕ್ರಮ ಹೇಳ್ತೇನೆ. ಮೊದ್ಲು ಬಚ್ಚಲು. ಗೀಸರ್ ಸ್ವಿಚ್ಚು ಹಾಕಿ ಕೆಂಪು ಲೈಟ್ ಬರ್ತದಾ, ನಳ್ಳಿ ತಿರುಗಿಸಿದ್ರೆ ನೀರು ಸಣ್ಣಕೆ ಬರ್ತದಾ ಜೋರು ಬರ್ತದಾ, ಬಕೆಟ್ಟು ಚೆಂಬು ಉಂಟಾ. ಹೊಸ ಹೋಟ್ಲುಗಳಲ್ಲಿ ಬರೀ ಶವರ್, ನಮ್ಮ ಭಾವನಿಗೆ ಬಕೆಟ್ಟಿಲ್ಲದೆ ಸ್ನಾನ ಮಾಡಿದ ಹಾಗೆ ಆಗುವುದೇ ಇಲ್ಲ, ಕೇಳಿದ್ರೆ ತಂದು ಕೊಡ್ತಾರೆ. ಆಮೇಲೆ ದಿಂಬು ಎತ್ತಿ ಹಾಸಿಗೆ ಬಟ್ಟೆ, ಆಮೇಲೆ ಕಿಟಕಿ. ಕೊಚ್ಚಿಯ ಸೊಳ್ಳೆ ಅಂದ್ರೆ ಅಡಿಕೆ ತೋಟದ ಸೊಳ್ಳೆ ನೋಡಿದ ನಮ್ಮನ್ನೂ ಹೆದರಿಸ್ತದೆ, ಸಂಜೆ ಐದಕ್ಕೇ ಕಿಟಕಿ ಹಾಕಿ ಲಿಕ್ವಿಡ್ ಮೆಷಿನ್ ಕೇಳಿ ಇಟ್ಕೊಳ್ಳಿ.

ಬಾಗಿಲ ಹತ್ರ ಗೋಡೆಯಲ್ಲಿ ಕಾರ್ಡ್ ಸಿಕ್ಕಿಸುವ ಸಣ್ಣ ಡಬ್ಬಿ ಇರ್ತದೆ. ಕಾರ್ಡ್ ತೆಗೆದ್ರೆ ಇಡೀ ರೂಮಿನ ಕರೆಂಟು ಹೋಗ್ತದೆ, ಚಾರ್ಜಿಗಿಟ್ಟ ಮೊಬೈಲೂ ನಿಲ್ತದೆ. ಊಟಕ್ಕೆ ಹೋಗುವಾಗ ಭಾವ ಅದರಲ್ಲಿ ಊರಿನ ವಾಚನಾಲಯದ ಮೆಂಬರ್‌ಶಿಪ್ ಕಾರ್ಡ್ ಸಿಕ್ಕಿಸಿದ್ರು, ನಡೀತು. ಎಲ್ಲಾ ಕಡೆ ನಡೆಯುವುದಿಲ್ಲ, ಮತ್ತೆ ಎಸಿ ಮಾತ್ರ ಆಫ್ ಮಾಡಿ ಹೋಗಿ ಮಾರಾಯ್ರೆ.

ನೀರು, ತಿಂಡಿ, ಬಿಲ್ಲು

ರೂಮಲ್ಲಿಟ್ಟ ನೀರಿನ ಬಾಟ್ಲಿ ಫ್ರೀಯೋ ಅಂತ ಕೇಳಿಯೇ ಮುಚ್ಚಳ ತೆಗೀರಿ. ಹೋಟ್ಲಿನವ್ರು ಎಂಆರ್‌ಪಿಗಿಂತ ಜಾಸ್ತಿ ತಗೊಳ್ಬಹುದು ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರಲ್ಲೇ ಹೇಳಿದೆ, ಅವ್ರು ಬರೀ ಬಾಟ್ಲಿ ಮಾರೋದಲ್ಲ ಸೇವೆಯೂ ಕೊಡ್ತಾರೆ ಅನ್ನೋದು ಕಾರಣ. ಆದ್ರೆ ಊಟದ ಬಿಲ್ಲಲ್ಲಿ ತಾನಾಗಿ ಸೇರಿಸಿದ ಸರ್ವಿಸ್ ಚಾರ್ಜ್ ಬೇರೆ ವಿಷಯ. ಹಾಗೆ ಸೇರಿಸ್ಬಾರ್ದು ಅಂತ ಗ್ರಾಹಕ ಪ್ರಾಧಿಕಾರ 2022ರಲ್ಲಿ ಹೇಳಿದ್ದನ್ನು 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟೂ ಒಪ್ಪಿದೆ. ಮೆತ್ತಗೆ ತೆಗೀಲಿಕ್ಕೆ ಹೇಳಿ, ಕೇಳದಿದ್ರೆ 1915ಕ್ಕೆ ಫೋನು ಮಾಡ್ತೇನೆ ಅನ್ನಿ, ಅದು ಗ್ರಾಹಕರ ಹೆಲ್ಪ್‌ಲೈನು.

ತಿಂಡಿ ಬಾಡಿಗೆಯಲ್ಲೇ ಬಂದ್ರೆ ಬಿಡ್ಬೇಡಿ, ಪುಟ್ಟು ಕಡಲೆ, ಅಪ್ಪಂ ಎಲ್ಲ ಇರ್ತದೆ. ಬೇರೆ ದುಡ್ಡಾದ್ರೆ ಹೊರಗೆ ಹೋಗಿ. ಸಸ್ಯಾಹಾರಿಗಳು ಪಲ್ಯ ಸಾಂಬಾರಿಗೆ ಮೀನು ತಾಗಿದೆಯಾ ಅಂತ ಕೇಳೋದಕ್ಕಿಂತ ವೆಜ್ ಹೋಟ್ಲು ಹುಡುಕೋದೇ ಸುಲಭ.

ಹೊರಡುವ ದಿನ ಮಧ್ಯಾಹ್ನ ಹನ್ನೆರಡಕ್ಕೆ ರೂಮು ಬಿಡ್ಬೇಕು, ರೈಲು ಇರೋದು ರಾತ್ರಿ. ಚೀಲವನ್ನು ರಿಸೆಪ್ಶನಲ್ಲಿ ಇಡ್ಲಿಕ್ಕೆ ಬಿಡ್ತಾರೆ, ಹೆಚ್ಚಿನ ಕಡೆ ದುಡ್ಡಿಲ್ಲ, ಚೀಲಕ್ಕೆ ನಿಮ್ಮ ಹೆಸರು ಬರೆದ ಚೀಟಿ ಕಟ್ಟಿಸಿ ಮತ್ತೆ ಕೋರ್ಟಿನ ಕಾಗದ ಪತ್ರ, ಮದ್ದು ಕೈಯಲ್ಲೇ ಇಟ್ಕೊಳ್ಳಿ. ಬಿಲ್ಲು ಹಿಂದಿನ ರಾತ್ರಿಯೇ ಕೇಳಿ ನೋಡಿದ್ರೆ ಬೆಳಗ್ಗೆ ಗಡಿಬಿಡಿಯಲ್ಲಿ ಕುಡಿಯದ ಚಾಕ್ಕೆ ದುಡ್ಡು ಹೋಗುವುದಿಲ್ಲ.

ಮತ್ತೆ ಬಾಗಿಲಿನ ಹಿಂದುಗಡೆ ನೋಡಿ. ಮಂಚದಡಿ, ಬಚ್ಚಲು, ಪ್ಲಗ್ಗು ಎಲ್ಲ ನೋಡ್ತೇವೆ, ಬಾಗಿಲು ತೆರೆದಿಟ್ರೆ ಅದರ ಹಿಂದಿನ ಹುಕ್ಕು ಕಾಣುವುದೇ ಇಲ್ಲ. ಭಾವನ ಬಿಳಿ ಪಂಚೆ ಅಲ್ಲೇ ಉಳಿದದ್ದು ನಮ್ಗೆ ಗೊತ್ತಾದದ್ದು ರೈಲು ಕಣ್ಣೂರು ಬಿಟ್ಟ ಮೇಲೆ. ಬೆಳಗ್ಗೆ ಫೋನು ಮಾಡಿದೆವು, ಅದೇ ಸೋಫಾದ ಹುಡುಗ ತೆಗೆದ, ಎತ್ತಿಟ್ಟಿದ್ದೇನೆ ಅಂದ. ಮುಂದಿನ ವಾಯಿದೆಗೆ ಹೋದಾಗ ಒಗೆದು ಇಸ್ತ್ರಿ ಹಾಕಿ ಪೇಪರಲ್ಲಿ ಸುತ್ತಿ ಕೊಟ್ರು, ಒಗೆದದ್ದಕ್ಕೆ ಅರವತ್ತು ರೂಪಾಯಿ ಬಿಲ್ಲಿಗೆ ಹಾಕಿದ್ರು.