ಸಮೀಕ್ಷೆಯ ಅಂಕಿಗಳನ್ನು ಊರ ಮಂದಿಯ ಮುಂದಿಡುವ ಬಗೆ

ಗ್ರಾಮಸಭೆಯಲ್ಲಿ ಸಮೀಕ್ಷೆಯ ಫಲಿತಾಂಶ ಓದತೊಡಗಿದರೆ ಮೊದಲು ಏಳುವ ಪ್ರಶ್ನೆ: ‘ನಮ್ಮ ಮನೀಗೆ ಯಾರೂ ಬಂದೇ ಇಲ್ಲಲ್ರೀ, ಈ ಲೆಕ್ಕ ಎಲ್ಲಿಂದ ಬಂತು?’ ಉತ್ತರ ಮೊದಲ ಹಾಳೆಯಲ್ಲೇ ಇರಲಿ: ಒಟ್ಟು ಮನೆ ಎಷ್ಟು, ಆರಿಸಿದ್ದು ಎಷ್ಟು, ಹೇಗೆ ಆರಿಸಿದಿರಿ, ಎಷ್ಟು ಮನೆಗೆ ಕೀಲಿ ಬಿದ್ದಿತ್ತು, ಯಾವ ತಿಂಗಳು. ತಿಂಗಳು ಬರೆಯುವುದನ್ನೇ ಹೆಚ್ಚಿನವರು ಮರೆಯುತ್ತಾರೆ. ವಿಜಯಪುರ ಜಿಲ್ಲೆಯ ತಾಂಡಾಗಳಿಗೆ ಡಿಸೆಂಬರ್‌ನಲ್ಲಿ ಹೋದರೆ, ಕಬ್ಬು ಕಡಿಯಲು ಗುಳೆ ಹೋದವರು ಲೆಕ್ಕಕ್ಕೇ ಸಿಗುವುದಿಲ್ಲ. ಊರಲ್ಲಿ ಉಳಿದವರ ಉತ್ತರವೇ ಇಡೀ ತಾಂಡಾದ ಉತ್ತರ ಎನಿಸಿಕೊಳ್ಳುತ್ತದೆ.

ಶೇಕಡಾ ಹೇಳುವಾಗ ಯಾರಲ್ಲಿ ಎಷ್ಟು ಎಂಬುದನ್ನು ಬಿಡಬೇಡಿ. 2011ರ ಜನಗಣತಿಯ ಪ್ರಕಾರ ವಿಜಯಪುರ ಜಿಲ್ಲೆಯ ಸಾಕ್ಷರತೆ ಶೇ 67.15. ಇದು 7 ವರ್ಷ ಮೇಲ್ಪಟ್ಟವರ ಲೆಕ್ಕ, ತೊಟ್ಟಿಲ ಕೂಸು ಇದರಲ್ಲಿ ಇಲ್ಲ. ಗಂಡಸರದು 77.21, ಹೆಂಗಸರದು 56.72. ಅಂತರ 20.49 ಶೇಕಡಾ ಅಂಶ, ಅಂದರೆ ಒಂದು ಶೇಕಡಾದಿಂದ ಇನ್ನೊಂದನ್ನು ಕಳೆದರೆ ಉಳಿಯುವುದು. ಇದನ್ನೇ ‘ಹೆಂಗಸರ ಸಾಕ್ಷರತೆ ಶೇ 20ರಷ್ಟು ಕಡಿಮೆ’ ಎಂದರೆ ತಪ್ಪು, ಗಂಡಸರ 77.21ರಲ್ಲಿ 20.49 ಎಷ್ಟು ಪಾಲು ಎಂದು ಲೆಕ್ಕ ಹಾಕಿದರೆ ಅದು ಸುಮಾರು ಶೇ 26.5. ಸಭೆಯಲ್ಲಿ ಈ ತಕರಾರೇ ಬೇಡ: ‘ನೂರು ಗಂಡಸರಲ್ಲಿ 77 ಮಂದಿಗೆ ಓದಲು ಬರೆಯಲು ಬರುತ್ತದೆ, ನೂರು ಹೆಂಗಸರಲ್ಲಿ 57 ಮಂದಿಗೆ’ ಎನ್ನಿ.

ನೀರಿನ ಸಮೀಕ್ಷೆಯಾದರೆ ಇನ್ನೂ ಸುಲಭ. ಶೇ 60 ಮನೆಗಳಿಗೆ ನಲ್ಲಿ ನೀರು ಬರುತ್ತಿದೆ ಎಂದುಕೊಳ್ಳಿ. ಕಟ್ಟೆಯ ಮೇಲೆ ಹತ್ತು ಕೊಡ ಸಾಲಾಗಿಟ್ಟು ಆರನ್ನು ತುಂಬಿಸಿ, ನಾಲ್ಕನ್ನು ಬರಿದಾಗಿ ಬೋರಲು ಹಾಕಿ. ಪ್ರೊಜೆಕ್ಟರ್ ಬೇಡ, ಕರೆಂಟೂ ಬೇಡ. ಕೊಡಗಳೆಲ್ಲ ಒಂದೇ ಅಳತೆಯವು ಇರಬೇಕು, ಇಲ್ಲದಿದ್ದರೆ ಕಣ್ಣು ಎಣಿಸುವುದನ್ನು ಬಿಟ್ಟು ಗಾತ್ರ ನೋಡುತ್ತದೆ.

ಸರಾಸರಿ ದೊಡ್ಡ ಮೋಸಗಾರ. ಒಂಬತ್ತು ರೈತರಿಗೆ ತಲಾ 2 ಎಕರೆ, ಒಬ್ಬರಿಗೆ 42 ಎಕರೆ ಇದ್ದರೆ ಸರಾಸರಿ ಹಿಡುವಳಿ 6 ಎಕರೆ. ಆರು ಎಕರೆ ಇರುವವರು ಆ ಹತ್ತು ಜನರಲ್ಲಿ ಒಬ್ಬರೂ ಇಲ್ಲ! ಜಮೀನು, ಆದಾಯ, ಸಾಲದ ವಿಷಯದಲ್ಲಿ ಮಧ್ಯಾಂಕವನ್ನೇ ಹೇಳಿ: ಎಲ್ಲರನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರದು. ಇಲ್ಲಿ ಅದು 2 ಎಕರೆ. ಹೆಕ್ಟೇರ್ ಬಳಸಬೇಡಿ, ಎಕರೆ ಗುಂಟೆಯಲ್ಲೇ ಹೇಳಿ.

ಕಂಬದ ನಕ್ಷೆ ಬರೆಯುವುದಾದರೆ ಅಳತೆ ಸೊನ್ನೆಯಿಂದಲೇ ಶುರುವಾಗಲಿ. ಒಂದೂರಲ್ಲಿ 62, ಪಕ್ಕದೂರಲ್ಲಿ 66 ಇದ್ದು, ನಕ್ಷೆ 60ರಿಂದ ಶುರುವಾದರೆ ಎರಡನೆಯ ಕಂಬ ಮೂರು ಪಟ್ಟು ಎತ್ತರ ಕಾಣುತ್ತದೆ. ಕಂಪ್ಯೂಟರ್ ಕೆಲವೊಮ್ಮೆ ತಾನಾಗಿಯೇ ಹೀಗೆ ಮಾಡಿಬಿಡುತ್ತದೆ. ಮುದ್ರಿಸುವ ಮುನ್ನ ನೋಡಿಕೊಳ್ಳಿ.

ತಾಲ್ಲೂಕಿನ ಪಟ್ಟಿಯಿಂದ ಚೀಟಿ ಎತ್ತಿದಂತೆ 400 ಮನೆ ಆರಿಸಿದ್ದರೆ ಫಲಿತಾಂಶ ಸುಮಾರು 5 ಶೇಕಡಾ ಅಂಶ ಆಚೀಚೆ ಆಗಬಹುದು. ಹಾಗಾಗಿ ಹೋದ ವರ್ಷ 60, ಈ ವರ್ಷ 63 ಬಂದರೆ ‘ಏರಿತು’ ಎನ್ನಬೇಡಿ, ‘ಹೆಚ್ಚುಕಡಿಮೆ ಅಷ್ಟೇ ಇದೆ’ ಎನ್ನಿ. ಅದೇ 400ರಲ್ಲಿ ಒಂದು ಊರಿನ 40 ಮನೆಯನ್ನಷ್ಟೇ ಬಿಡಿಸಿ ನೋಡಿದರೆ ಆಚೀಚೆ 15 ಅಂಶಕ್ಕೇರುತ್ತದೆ. ಹಾಗೆ ಬಿಡಿಸಿದ ಅಂಕಿಯ ಮೇಲೆ ಊರೂರಿಗೆ ರ‍್ಯಾಂಕ್ ಕೊಡುವುದು ಜಗಳಕ್ಕೆ ದಾರಿ. ಹತ್ತಕ್ಕಿಂತ ಕಡಿಮೆ ಮನೆಗಳ ಗುಂಪಿನ ಅಂಕಿಯನ್ನು ಬೇರೆಯಾಗಿ ತೋರಿಸಲೇಬೇಡಿ. ‘ಈ ಓಣಿಯ ಮೂರು ಮನೆಗಳಲ್ಲಿ ಒಂದಕ್ಕೆ ಸಾಲವಿದೆ’ ಎಂದರೆ ಯಾರದೆಂದು ಊರಿಗೆಲ್ಲ ಗೊತ್ತಾಗುತ್ತದೆ.

ಕೇಳಿದ ಪ್ರಶ್ನೆಯನ್ನು ಕೇಳಿದ ಮಾತಿನಲ್ಲೇ ಅಂಕಿಯ ಕೆಳಗೆ ಬರೆಯಿರಿ. ‘ನೀರು ಬರುತ್ತದೆಯೇ?’ ಎಂಬುದಕ್ಕೂ ‘ನಿನ್ನೆ ನೀರು ಬಂದಿತ್ತೇ?’ ಎಂಬುದಕ್ಕೂ ಬರುವ ಉತ್ತರ ಬೇರೆ. ಬೆಳಗಾವಿಯ ಗಡಿ ಭಾಗದಲ್ಲಿ ಮರಾಠಿ ಹಾಳೆಯೂ ಬೇಕಾಗುತ್ತದೆ. ಮರಾಠಿಗೆ ತಿರುಗಿಸಿದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಕನ್ನಡಕ್ಕೆ ತಿರುಗಿಸಿ ತಾಳೆ ನೋಡಿ, ಆಮೇಲೆ ಪಂಚಾಯಿತಿ ಫಲಕಕ್ಕೆ ಅಂಟಿಸಿ.