ಹೆರಿಗೆ ಕೋಣೆಯವರು ಏನು ಓದಬೇಕು, ಹೇಗೆ ಓದಬೇಕು

ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಒಬ್ಬ ಹುಡುಗಿ ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಮಂಗಳೂರಿನಲ್ಲಿ ನರ್ಸಿಂಗ್. ಈಗ ಲೇಬರ್ ರೂಮಿನಲ್ಲಿ ಕೆಲಸ ಸಿಕ್ಕಿದೆ. "ಅಕ್ಕಾ, ಪರೀಕ್ಷೆಗೆ ಬೇಕಾದಷ್ಟು ಓದಿದ್ದೇನೆ. ಆದರೆ ನೋವು ತಿನ್ನುವ ಹೆಂಗಸು ನನ್ನ ಕೈ ಹಿಡಿದಾಗ ಏನು ಮಾಡಬೇಕು ಅಂತ ಯಾವ ಪುಸ್ತಕದಲ್ಲಿದೆ?" ಅಂತ ಕೇಳಿದಳು.

ನಿವೃತ್ತಿ ಆಗುವವರೆಗೂ ಹೆರಿಗೆ ಕೋಣೆಯಲ್ಲೇ ಇದ್ದವಳು ನಾನು. ಆ ಪ್ರಶ್ನೆಗೆ ಒಂದೇ ಪುಸ್ತಕದ ಹೆಸರು ಹೇಳಲು ಆಗಲಿಲ್ಲ. ಓದಬೇಕಾದದ್ದು ಇದೆ, ಆದರೆ ಓದುವ ಕ್ರಮವೂ ಇದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನರ್ಸ್‌ಗಳಿಗೆ, ಆಶಾ ಕಾರ್ಯಕರ್ತೆಯರಿಗೆ, ಹೆರಿಗೆಯ ಹತ್ತಿರ ಕೆಲಸ ಮಾಡುವ ಎಲ್ಲರಿಗೂ ಇದು ಬೇಕು.

ಮೊದಲೇ ಒಂದು ಮಾತು. ಸಹಜ ಹೆರಿಗೆ ಅಂದರೆ ತಿಳಿದವರು ಯಾರೂ ಇಲ್ಲದೆ ಮನೆಯಲ್ಲಿ ಹೆರುವುದಲ್ಲ. ಕಲಿತ ಕೈ ಪಕ್ಕದಲ್ಲಿದ್ದು, ಬೇಡದ ಕಡೆ ಕೈ ಹಾಕದೆ ಇರುವುದು. ಬೇಕಾದಾಗ ತಡಮಾಡದೆ ಕೈ ಹಾಕುವುದು. ಈ ಎರಡನ್ನೂ ಕಲಿಸುವ ಓದು ನಮಗೆ ಬೇಕು.

ಮೊದಲ ಓದು: 2018ರ ಮಾರ್ಗಸೂಚಿ

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ಸಮಯದ ಆರೈಕೆಯ ಬಗ್ಗೆ ಒಂದು ಮಾರ್ಗಸೂಚಿ ತಂದಿತು. ಅದರಲ್ಲಿ 56 ಶಿಫಾರಸುಗಳಿವೆ. ಸಂಸ್ಥೆಯ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಎಲ್ಲವನ್ನೂ ಒಂದೇ ಉಸಿರಿಗೆ ಓದಬೇಡಿ. ಶಿಫಾರಸುಗಳ ಪಟ್ಟಿ ಮಾತ್ರ ಪ್ರಿಂಟ್ ತೆಗೆಸಿ, ದಿನಕ್ಕೆ ಮೂರು ಓದಿ. ಪ್ರತಿಯೊಂದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ: ನಮ್ಮಲ್ಲಿ ಹೀಗೆ ಮಾಡುತ್ತೇವಾ, ಇಲ್ಲವಾ, ಯಾಕೆ?

ಎನಿಮಾ ಕೊಡುವುದು, ಕೂದಲು ಬೋಳಿಸುವುದು ರೂಢಿಯಾಗಿ ಬೇಡ ಎಂದಿದೆ. ಹೆರಿಗೆಯ ದಾರಿ ಅಗಲಿಸಲು ಎಲ್ಲರಿಗೂ ಕತ್ತರಿ ಹಾಕುವುದು ಬೇಡ. ಹೊಟ್ಟೆ ಮೇಲಿನಿಂದ ಒತ್ತಿ ಮಗುವನ್ನು ತಳ್ಳುವುದು ಬೇಡ. ತೊಂದರೆಯ ಲಕ್ಷಣ ಇಲ್ಲದ ಹೆಂಗಸಿಗೆ ತಿನ್ನಲು, ಕುಡಿಯಲು ಕೊಡಬಹುದು. ನಡೆಯಲಿ, ಕೂರಲಿ, ಬೇಕಾದ ಕಡೆ ಒರಗಲಿ. ಅವಳು ಬಯಸಿದ ಒಬ್ಬರು ಜೊತೆಗಿರಲಿ. ಮಗು ಹುಟ್ಟಿದ ಮೇಲೆ ಹೊಕ್ಕುಳ ಬಳ್ಳಿ ಕಟ್ಟಲು ಕಡಿಮೆ ಎಂದರೆ 1 ನಿಮಿಷ ಕಾಯಬೇಕು. ಮೊದಲ ಒಂದು ಗಂಟೆ ಮಗು ತಾಯಿಯ ಮೈಗೆ ಅಂಟಿಕೊಂಡೇ ಇರಲಿ. ಸ್ನಾನ 24 ಗಂಟೆ ಕಳೆದ ಮೇಲೆ.

ಇದರಲ್ಲಿ ನನ್ನನ್ನು ತುಂಬಾ ಕಾಡಿದ್ದು ಸಮಯದ ಲೆಕ್ಕ. ಗರ್ಭಕೋಶದ ಬಾಯಿ ಗಂಟೆಗೆ 1 ಸೆಂಟಿಮೀಟರ್ ತೆರೆಯಬೇಕು ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಇದರ ಬೇರು 1955ರಲ್ಲಿದೆ. ಅಮೆರಿಕದ ವೈದ್ಯ ಎಮಾನುಯೆಲ್ ಫ್ರೀಡ್‌ಮನ್ 500 ಚೊಚ್ಚಲ ಹೆರಿಗೆಗಳನ್ನು ನೋಡಿ, ಬಾಯಿ ಎಷ್ಟು ಹೊತ್ತಿಗೆ ಎಷ್ಟು ತೆರೆಯುತ್ತದೆ ಅಂತ ಒಂದು ಗೆರೆ ಎಳೆದರು. 1972ರಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು ಆಫ್ರಿಕಾದ ಈಗಿನ ಜಿಂಬಾಬ್ವೆಯಲ್ಲಿ ಅದಕ್ಕೆ ಎಚ್ಚರಿಕೆಯ ಗೆರೆ ಸೇರಿಸಿದರು. ದೂರದ ಸಣ್ಣ ಕೇಂದ್ರಗಳ ದಾದಿಯರಿಗೆ, ಯಾರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಅಂತ ಬೇಗ ಗೊತ್ತಾಗಲಿ ಎಂಬ ಒಳ್ಳೆಯ ಉದ್ದೇಶ ಅದಕ್ಕಿತ್ತು. ಆದರೆ ಬರಬರುತ್ತಾ ಆ ಗೆರೆ ಅವಸರಕ್ಕೆ ನೆಪವಾಯಿತು.

ನಾನು ಮೊದಲು ಕೆಲಸ ಮಾಡಿದ ಕಡೆ, ಬಾಯಿ ಮೂರು ಸೆಂಟಿಮೀಟರ್ ತೆರೆದ ಚೊಚ್ಚಲ ಬಸುರಿಯನ್ನೂ ಮಂಚಕ್ಕೆ ಹತ್ತಿಸಿಬಿಡುತ್ತಿದ್ದೆವು. ನಾಲ್ಕು ಗಂಟೆಯಲ್ಲಿ ಮುಂದೆ ಹೋಗದಿದ್ದರೆ ನೋವು ಹೆಚ್ಚಿಸುವ ಡ್ರಿಪ್. ಅವಳು ಅಂಗಾತ ಮಲಗಿ ಸೂರು ನೋಡುತ್ತಿದ್ದಳು, ನಾನು ಗಡಿಯಾರ ನೋಡುತ್ತಿದ್ದೆ. ಸಕ್ರಿಯ ನೋವು ಶುರುವಾಗುವುದು 5 ಸೆಂಟಿಮೀಟರಿನಿಂದ ಅಂತ 2018ರ ಮಾರ್ಗಸೂಚಿ ಹೇಳಿದಾಗ ಆ ಮುಖಗಳೆಲ್ಲ ನೆನಪಾದವು. ಅವರಲ್ಲಿ ಎಷ್ಟೋ ಮಂದಿಗೆ ನೋವು ಇನ್ನೂ ಸರಿಯಾಗಿ ಶುರುವೇ ಆಗಿರಲಿಲ್ಲ. ಐದು ಸೆಂಟಿಮೀಟರ್ ಆದಮೇಲೂ ಚೊಚ್ಚಲಿಗೆ 12 ಗಂಟೆ, ಮುಂದಿನ ಹೆರಿಗೆಗಳಿಗೆ 10 ಗಂಟೆವರೆಗೆ ಹೋಗಬಹುದು. ಗಂಟೆಗೆ 1 ಸೆಂಟಿಮೀಟರ್ ಎಂಬ ಲೆಕ್ಕ ಒಂದನ್ನೇ ಹಿಡಿದು ನಿರ್ಧಾರ ಮಾಡಬೇಡಿ ಅಂತ ಅದರಲ್ಲಿ ಸ್ಪಷ್ಟವಾಗಿದೆ.

ಇದರ ಜೊತೆಯಲ್ಲೇ 2020ರಲ್ಲಿ ಬಂದ 'ಲೇಬರ್ ಕೇರ್ ಗೈಡ್' ಕೈಪಿಡಿಯನ್ನೂ ತೆಗೆದುಕೊಳ್ಳಿ. ಇದು ಹಳೆಯ ಪಾರ್ಟೋಗ್ರಾಫಿನ, ಅಂದರೆ ಆ ಗೆರೆಗಳ ಮೇಲೆ ಹೆರಿಗೆಯ ಗತಿ ಗುರುತಿಸುವ ಹಾಳೆಯ, ಜಾಗಕ್ಕೆ ಬಂದ ಹಾಳೆ. ಓರೆ ಗೆರೆ ಇಲ್ಲ. ಪ್ರತಿ ಸೆಂಟಿಮೀಟರಿಗೂ ಬೇರೆ ಬೇರೆ ಮಿತಿ ಇದೆ: 5ರಲ್ಲಿ 6 ಗಂಟೆ, 6ರಲ್ಲಿ 5 ಗಂಟೆ, 7ರಲ್ಲಿ 3 ಗಂಟೆ, 8ರಲ್ಲಿ ಎರಡೂವರೆ, 9ರಲ್ಲಿ 2. ಅಷ್ಟು ಹೊತ್ತು ಕಳೆದರೂ ಮುಂದೆ ಹೋಗದಿದ್ದರೆ ವೈದ್ಯರನ್ನು ಕರೆಯಲೇಬೇಕು. ನನಗೆ ಇದರಲ್ಲಿ ಇಷ್ಟವಾದದ್ದು ಬೇರೆ. ಮಗುವಿನ ಎದೆಬಡಿತಕ್ಕಿಂತಲೂ ಮೇಲಿನ ಸಾಲುಗಳಲ್ಲಿ ನಾಲ್ಕು ಪ್ರಶ್ನೆಗಳಿವೆ: ಜೊತೆಗೆ ಯಾರಾದರೂ ಇದ್ದಾರಾ, ನೋವಿಗೆ ಏನು ಮಾಡಿದಿರಿ, ಕುಡಿಯಲು ಕೊಟ್ಟಿರಾ, ಯಾವ ಭಂಗಿಯಲ್ಲಿದ್ದಾಳೆ? ನಾಲ್ಕನ್ನೂ ಬರೆಯಲೇಬೇಕು. ಓದಿ ಪಕ್ಕಕ್ಕಿಡಬೇಡಿ. ನಿಮ್ಮ ನೆನಪಿನಲ್ಲಿರುವ ಹತ್ತು ಹೆರಿಗೆಗಳನ್ನು ಖಾಲಿ ಹಾಳೆಯಲ್ಲಿ ತುಂಬಿಸಿ ನೋಡಿ. ಹೆಸರು ಬರೆಯಬೇಡಿ. ಎಲ್ಲಿ ಅವಸರ ಮಾಡಿದಿರಿ, ಎಲ್ಲಿ ತಡ ಮಾಡಿದಿರಿ ಅಂತ ನಿಮಗೇ ಕಾಣುತ್ತದೆ.

ಎರಡನೆಯದು: ಮೈಯನ್ನು ಓದುವುದು

ಪಠ್ಯಪುಸ್ತಕಕ್ಕೆ ಮತ್ತೆ ಹೋಗಿ. ಸ್ಕಾಟ್ಲೆಂಡಿನ ಸೂಲಗಿತ್ತಿ ಮಾರ್ಗರೆಟ್ ಮೈಲ್ಸ್ 1953ರಲ್ಲಿ ಬರೆದ ಪುಸ್ತಕ ಹೊಸ ಹೊಸ ಆವೃತ್ತಿಗಳಲ್ಲಿ ಬರುತ್ತಲೇ ಇದೆ. ಅದರಲ್ಲಿ ಮಗು ಹೇಗೆ ತಿರುಗಿ ಹೊರಗೆ ಬರುತ್ತದೆ ಎಂಬ ಭಾಗವನ್ನು ಈಗ ಪರೀಕ್ಷೆಯ ಚಿಂತೆ ಇಲ್ಲದೆ ಓದಿ. ಒಂದು ಬಟ್ಟೆಗೊಂಬೆ ಹಿಡಿದುಕೊಳ್ಳಿ. ಗದ್ದ ಎದೆಗೆ ಅಂಟಬೇಕು, ತಲೆ ತಿರುಗಬೇಕು, ಆಮೇಲೆ ಭುಜ. ಕೈಯಲ್ಲಿ ಮಾಡಿ ನೋಡಿದ್ದು ಮರೆತುಹೋಗುವುದಿಲ್ಲ.

ಆಮೇಲೆ ಪೆನ್ನಿ ಸಿಮ್ಕಿನ್ ಮತ್ತು ರೂತ್ ಆಂಚೆಟಾ ಬರೆದ 'ದಿ ಲೇಬರ್ ಪ್ರೊಗ್ರೆಸ್ ಹ್ಯಾಂಡ್‌ಬುಕ್'. ನೋವು ನಿಂತಲ್ಲೇ ನಿಂತಾಗ ಡ್ರಿಪ್ಪಿಗಿಂತ ಮೊದಲು ಏನು ಮಾಡಬಹುದು ಅಂತ ಚಿತ್ರಗಳ ಸಮೇತ ಹೇಳುತ್ತದೆ. ಮಗ್ಗುಲಿಗೆ ಮಲಗಿಸುವುದು, ಮಂಡಿಯೂರಿ ಕೈಗಳ ಮೇಲೆ ಬಾಗಿಸುವುದು, ಸೊಂಟವನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವುದು. ಒಂದೊಂದನ್ನೂ ನೀವೇ ಚಾಪೆಯ ಮೇಲೆ ಮಾಡಿ ನೋಡಬೇಕು. ನಿಮ್ಮ ಸೊಂಟಕ್ಕೆ ಹೇಗನಿಸುತ್ತದೆ ಅಂತ ಗೊತ್ತಾದರೆ ಇನ್ನೊಬ್ಬರಿಗೆ ಹೇಳುವಾಗ ಮಾತು ಸರಿಯಾಗಿ ಬರುತ್ತದೆ. ಮಾಡಿನ ಅಡ್ಡಕ್ಕೆ ಕಟ್ಟಿದ ಹಗ್ಗ ಹಿಡಿದು ಕುಕ್ಕರಗಾಲಲ್ಲಿ ಕೂತು ಹೆತ್ತದ್ದನ್ನು ನನ್ನ ಅಜ್ಜಿ ಹೇಳುತ್ತಿದ್ದರು. ಆ ಪುಸ್ತಕದ ಚಿತ್ರ ನೋಡಿದಾಗ ಅಜ್ಜಿಯ ಮಾತು ಅರ್ಥವಾಯಿತು.

ಆಶಾ ಕಾರ್ಯಕರ್ತೆಯರಿಗೆ ಇಷ್ಟು ದಪ್ಪ ಪುಸ್ತಕ ಬೇಡ. ಸುಸಾನ್ ಕ್ಲೈನ್ ಬರೆದ 'ಎ ಬುಕ್ ಫಾರ್ ಮಿಡ್‌ವೈವ್ಸ್' ಸರಳ ಇಂಗ್ಲಿಷಿನಲ್ಲಿದೆ, ಚಿತ್ರಗಳು ಜಾಸ್ತಿ. ಉಚಿತವಾಗಿಯೂ ಸಿಗುತ್ತದೆ.

ಮೂರನೆಯದು: ಕತೆಗಳು, ಎಚ್ಚರದಿಂದ

ಇಂಗ್ಲೆಂಡಿನ ವೈದ್ಯ ಗ್ರ್ಯಾಂಟ್ಲಿ ಡಿಕ್-ರೀಡ್ 1933ರಲ್ಲೇ ಸಹಜ ಹೆರಿಗೆಯ ಬಗ್ಗೆ ಬರೆದವರು. ಹೆದರಿಕೆಯಿಂದ ಮೈ ಬಿಗಿಯುತ್ತದೆ, ಬಿಗಿದ ಮೈಗೆ ನೋವು ಹೆಚ್ಚುತ್ತದೆ ಎಂಬುದು ಅವರ ಮುಖ್ಯ ಮಾತು. ಹೆರಿಗೆ ಕೋಣೆಯಲ್ಲಿ ಇದು ನಿಜ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಇದನ್ನು ತಪ್ಪಾಗಿ ಓದಿಕೊಂಡರೆ, "ನೀನು ಹೆದರಿದ್ದಕ್ಕೇ ನೋವು" ಅಂತ ಅವಳ ಮೇಲೆ ತಪ್ಪು ಹೊರಿಸುತ್ತೇವೆ. ಹಾಗೆ ಯಾವತ್ತೂ ಮಾಡಬೇಡಿ. ಹೆದರಿಕೆ ಕಳೆಯುವುದು ನಮ್ಮ ಕೆಲಸ, ಅವಳದಲ್ಲ.

ಫ್ರಾನ್ಸಿನ ಪಿಥಿವಿಯೇ ಊರಿನ ಆಸ್ಪತ್ರೆಯಲ್ಲಿದ್ದ ಶಸ್ತ್ರವೈದ್ಯ ಮಿಷೆಲ್ ಒಡಾನ್ ಅವರ 'ಬರ್ತ್ ರಿಬಾರ್ನ್' ಚಿಕ್ಕ ಪುಸ್ತಕ. ಮಂದ ಬೆಳಕು, ಕಡಿಮೆ ಮಾತು, ಯಾರೂ ದಿಟ್ಟಿಸಿ ನೋಡದ ಮೂಲೆ. ಇದಕ್ಕೆ ಹಣ ಬೇಡ, ಆದೇಶ ಬೇಡ. ನಾಳೆಯೇ ಒಂದು ಟ್ಯೂಬ್‌ಲೈಟ್ ಆರಿಸಿ, ಒಂದು ಪರದೆ ಎಳೆಯಿರಿ.

ಅಮೆರಿಕದ ಇನಾ ಮೇ ಗ್ಯಾಸ್ಕಿನ್ ಅವರ 2003ರ 'ಇನಾ ಮೇಸ್ ಗೈಡ್ ಟು ಚೈಲ್ಡ್‌ಬರ್ತ್' ಶುರುವಾಗುವುದೇ ಹೆತ್ತವರ ಕತೆಗಳಿಂದ. ಮಗುವಿನ ಭುಜ ಸಿಕ್ಕಿಹಾಕಿಕೊಂಡಾಗ ತಾಯಿಯನ್ನು ಕೈ ಮಂಡಿಗಳ ಮೇಲೆ ತಿರುಗಿಸುವ ಉಪಾಯ ಈಗ ಅವರ ಹೆಸರಿನಲ್ಲೇ ಇದೆ. ಅದನ್ನು ಅವರು ಕಲಿತದ್ದು ಗ್ವಾಟೆಮಾಲಾದ ಸೂಲಗಿತ್ತಿಯರಿಂದ ಬಂದ ತಿಳಿವಳಿಕೆಯಿಂದ. ಒಂದು ವಿಷಯ ನೆನಪಿರಲಿ: ಅವರು ನೋಡಿಕೊಂಡವರು ಹೆಚ್ಚಾಗಿ ಆರೋಗ್ಯವಂತರು. ರಕ್ತ ಕಡಿಮೆ ಇರುವ, ಬಿ.ಪಿ. ಇರುವ ನಮ್ಮ ಬಸುರಿಗೆ ಅದನ್ನೆಲ್ಲ ಹಾಗೇ ಅಂಟಿಸಬಾರದು.

ಕತೆ ಎಂದಮೇಲೆ ಸೂಲಗಿತ್ತಿ ನರಸಮ್ಮ ಅವರನ್ನು ಬಿಡುವುದು ಹೇಗೆ? ಆಂಧ್ರದ ಗಡಿಯ ಪಾವಗಡ ತಾಲೂಕಿನವರು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ದುಡ್ಡು ಕೇಳಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಅವರ ಬಗ್ಗೆ ಕನ್ನಡದಲ್ಲಿ ಬಂದ ಸಂದರ್ಶನಗಳನ್ನು ಹುಡುಕಿ ಓದಿ. ಆಮೇಲೆ ನಿಮ್ಮೂರಲ್ಲಿ ಹಳೆಯ ಸೂಲಗಿತ್ತಿ ಯಾರಾದರೂ ಇದ್ದರೆ, ಹೋಗಿ ಪಕ್ಕದಲ್ಲಿ ಕೂತು ಕೇಳಿ. ಅವರು ಹೇಳಿದ್ದೆಲ್ಲ ಸರಿ ಇರಬೇಕಂತಿಲ್ಲ. ಆದರೆ ಕಾಯುವುದು ಹೇಗೆ ಅಂತ ಅವರಿಗೆ ಗೊತ್ತಿದೆ.

ನಾಲ್ಕನೆಯದು: ತಾಯಂದಿರು ಯಾಕೆ ಸಾಯುತ್ತಾರೆ?

ಇದನ್ನು ಓದಲು ಮನಸ್ಸು ಹಿಂಜರಿಯುತ್ತದೆ. ಆದರೂ ಬಿಡಬೇಡಿ. ನಮ್ಮ ಕೇರಳದ ಹೆರಿಗೆ ತಜ್ಞರ ಒಕ್ಕೂಟ 2004ರಿಂದ ತಾಯಂದಿರ ಸಾವುಗಳನ್ನು ಗುಟ್ಟಾಗಿ ಪರಿಶೀಲಿಸುತ್ತಿದೆ. ಹೆಸರು, ಆಸ್ಪತ್ರೆ ಯಾವುದೂ ಹೊರಗೆ ಬರುವುದಿಲ್ಲ. ಯಾರನ್ನೂ ಶಿಕ್ಷಿಸಲು ಅಲ್ಲ, ಕಲಿಯಲು. ಆ ವರದಿಗಳು 'ವೈ ಮದರ್ಸ್ ಡೈ, ಕೇರಳ' ಎಂಬ ಹೆಸರಿನಲ್ಲಿ ಪ್ರಕಟವಾಗಿವೆ. 2018–20ರ ಲೆಕ್ಕದಲ್ಲಿ ಜೀವಂತವಾಗಿ ಹುಟ್ಟಿದ ಒಂದು ಲಕ್ಷ ಮಕ್ಕಳಿಗೆ ದೇಶದಲ್ಲಿ 97 ತಾಯಂದಿರು ತೀರಿಕೊಂಡರೆ ಕೇರಳದಲ್ಲಿ 19. ದೇಶದಲ್ಲೇ ಕಡಿಮೆ. ಆ ಹತ್ತೊಂಬತ್ತರ ಬಗ್ಗೆಯೂ ಕೂತು ಯೋಚಿಸಿದವರ ಬರವಣಿಗೆ ಇದು. ರಕ್ತಸ್ರಾವ ಮತ್ತು ಬಿ.ಪಿ. ಅದರಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ.

ರಕ್ತಸ್ರಾವಕ್ಕೆ 2023ರಲ್ಲಿ ಪ್ರಕಟವಾದ 'ಇ-ಮೋಟಿವ್' ಅಧ್ಯಯನವನ್ನೂ ಓದಿ. ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದದ್ದು. ರಕ್ತವನ್ನು ಕಣ್ಣಂದಾಜಿಗೆ ಬಿಡದೆ, ಅಳತೆ ಗೆರೆ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಅಳೆದರು. ಹೆಚ್ಚಾದ ಕೂಡಲೇ ಮಸಾಜ್, ಔಷಧಿ, ಡ್ರಿಪ್ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರು. ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತಗಳು ಶೇ. 60ರಷ್ಟು ಇಳಿದವು. ಸಹಜ ಹೆರಿಗೆ ಎಂದು ಹೇಳಿಕೊಂಡು ಮಗು ಬಂದಮೇಲೆ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದನ್ನು ಬಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದು ತಾಯಿಯ ಜೀವ ಉಳಿಸುವ ಮದ್ದು.

ಓದಿದ್ದನ್ನು ನಮ್ಮ ಮಾತಿಗೆ ತರುವುದು

ಮೇಲೆ ಹೇಳಿದ ಪುಸ್ತಕಗಳೆಲ್ಲ ಇಂಗ್ಲಿಷಿನವು. ನಮ್ಮ ಕಾಸರಗೋಡಿನಲ್ಲಿ ನೋವು ತಿನ್ನುವವಳು ಕೂಗುವುದು ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ. ತೆಂಕಣ ಜಿಲ್ಲೆಯಿಂದ ಬಂದ ಸಿಸ್ಟರಿಗೆ ಎಣ್ಮಕಜೆಯ ಹೆಂಗಸಿನ ಮಾತು ಅರ್ಥವಾಗದೆ, ಇಬ್ಬರೂ ಕಣ್ಣು ಕಣ್ಣು ನೋಡಿಕೊಂಡದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ! ಅದಕ್ಕೆ ಓದುವಾಗ ಒಂದು ನೋಟ್‌ಬುಕ್ ಇಡಿ. ಒಂದು ಪುಟಕ್ಕೆ ಒಂದೇ ಮಾತು. ಕನ್ನಡದ ನೋವು, ತುಳುವಿನ ಬೇನೆ, ಮಲಯಾಳದ ವೇದನ. "ಮಗ್ಗುಲಿಗೆ ತಿರುಗಿ ಮಲಗಿ" ಎನ್ನುವುದು ಮಲಯಾಳದಲ್ಲಿ "ಚೆರಿಞ್ಞು ಕಿಡಕ್ಕೂ". "ಮುಕ್ಕು, ಮುಕ್ಕು" ಅಂತ ಕಿರುಚುವ ಬದಲು "ನಿಮಗೆ ಒತ್ತಿ ಬಂದಾಗ ಮುಕ್ಕಿ, ಅಮ್ಮಾ" ಅಂತ ಹೇಳುವುದನ್ನೂ ಬರೆದು ಅಭ್ಯಾಸ ಮಾಡಿ.

ಜೊತೆಗೆ ಒಬ್ಬರು ಬಿಡದೆ ಇರುವುದರ ಬಗ್ಗೆ ಕಾಕ್ರೇನ್ ಎಂಬ ಸಂಶೋಧಕರ ಸಂಸ್ಥೆಯ 2017ರ ವಿಮರ್ಶೆ ಇದೆ. 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ್ದು. ಜೊತೆ ಇದ್ದವರಿಗೆ ಸಹಜ ಹೆರಿಗೆ ಜಾಸ್ತಿ, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ಸ್ವಲ್ಪ ಕಡಿಮೆ. ಬಾಗಿಲ ಹೊರಗೆ ಕಾಯುವ ಅಮ್ಮ, ಅತ್ತಿಗೆ, ಗಂಡ, ಯಾರನ್ನು ಒಳಗೆ ಬಿಡಬಹುದು ಅಂತ ಮೇಲಿನವರ ಹತ್ತಿರ ಮಾತಾಡಲು ಇದರ ಸಾರಾಂಶದ ಒಂದು ಪುಟ ಸಾಕು.

ಒಬ್ಬರೇ ಓದಿದರೆ ಎರಡು ವಾರದಲ್ಲಿ ನಿಂತುಹೋಗುತ್ತದೆ. ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ಕಣ್ಣು ಬಿಡಲು ಆಗುವುದಿಲ್ಲ, ಅಲ್ವಾ? ಅದಕ್ಕೆ ನಾಲ್ಕೈದು ಜನ ಸೇರಿ. ಊರಿನ ವಾಚನಾಲಯದಲ್ಲಿ ಕೇಳಿದರೆ ಭಾನುವಾರ ಮಧ್ಯಾಹ್ನ ಒಂದು ಕೋಣೆ ಕೊಡುತ್ತಾರೆ. ಒಬ್ಬರು ಇಂಗ್ಲಿಷಿನಲ್ಲಿ ಓದಲಿ, ಇನ್ನೊಬ್ಬರು ಅಲ್ಲೇ ಕನ್ನಡದಲ್ಲಿ ಹೇಳಲಿ. ಹೇಳಲು ಬರದ ವಾಕ್ಯ ಇನ್ನೂ ಅರ್ಥವಾಗಿಲ್ಲ ಅಂತಲೇ ಲೆಕ್ಕ.

ಪೆರ್ಲದ ಹುಡುಗಿ ಮತ್ತೆ ಮೂವರನ್ನು ಕರೆದುಕೊಂಡು ಈ ಭಾನುವಾರ ನಮ್ಮ ಜಗಲಿಗೆ ಬರುತ್ತಾಳೆ. ಮೊದಲ ಮೂರು ಶಿಫಾರಸು ಓದಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡು ಬರಲು ಹೇಳಿದ್ದೇನೆ. ಚಾಪೆ ನಮ್ಮಲ್ಲಿದೆ. ಬಟ್ಟೆಗೊಂಬೆ ಅವಳು ಹೊಲಿದು ತರುತ್ತಾಳಂತೆ.